ಅಕ್ಕ ಹೇಳಿದ್ದು, ನಾನು ದಾಟಿಸಿದ್ದು

ಅಕ್ಕ ಹೇಳಿದ ಮಾತನ್ನು ನಾನು ಡಾಕ್ಟರಿಗೆ ಹೇಳಲಿಲ್ಲ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಡಾಕ್ಟರರ ಮೇಲೆ, ಆಸ್ಪತ್ರೆಯ ಮೇಲೆ, ಕೋರ್ಟಿನ ಮೇಲೆ ಸಿಟ್ಟಿನಿಂದ ಬರೆಯುವುದು ಬಹಳ ಇದೆ. ಅದನ್ನು ಓದಿ ಯಾರಾದರೂ ನನ್ನನ್ನು ಏನೂ ತಪ್ಪು ಮಾಡದ ಪಾಪದವನು ಎಂದುಕೊಂಡರೆ ಅದು ಇನ್ನೊಂದು ತಪ್ಪಾಗುತ್ತದೆ. ಸಿಟ್ಟು ಸುಳ್ಳಲ್ಲ. ಈಗಲೂ ಇದೆ. ಆದರೆ ಅದರಲ್ಲಿ ಒಂದು ಪಾಲು ನನಗೇ ಸಲ್ಲಬೇಕು.

ನನ್ನ ಹೆಸರು ಮಂಜುನಾಥ. ಕುಂದಾಪುರದ ಕಡೆಯವನು. ಏಳನೇ ಕ್ಲಾಸು ಮುಗಿಸಿ ಚೆನ್ನೈಗೆ ಬಂದೆ. ಪೆರಂಬೂರಿನಲ್ಲಿ ನಮ್ಮ ಊರಿನವರದೇ ಒಂದು ಸಸ್ಯಾಹಾರಿ ಹೋಟೆಲು, ಅಲ್ಲಿ ಸಪ್ಲಾಯರ್. ರೈಲ್ವೆ ವರ್ಕ್‌ಶಾಪಿನ ಶಿಫ್ಟು ಬಿಟ್ಟಾಗ ನಮ್ಮಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಬರೆಯುವುದು ನನ್ನ ಕಸುಬಲ್ಲ. ಆದರೆ ಈಚಿನ ವರ್ಷಗಳಲ್ಲಿ ಬೇರೆಯವರು ನಮ್ಮ ಬಗ್ಗೆ ಬರೆದದ್ದನ್ನು ಸಾಕಷ್ಟು ಕೇಳಿದ್ದೇನೆ. ಒಂದು ಸಲ ನಾನೇ ಬರೆದು ನೋಡುತ್ತೇನೆ.

ಜಲಜಕ್ಕ ನನಗಿಂತ ದೊಡ್ಡವಳು. ಊರಿನ ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಬಿಡಿಸುವ ಕೆಲಸ ಮಾಡುತ್ತಿದ್ದಳು. ಬಾವ ಬೇಗ ತೀರಿಹೋದರು. ಮಕ್ಕಳಿಲ್ಲ. ಅವಳಿಗೆ ರಕ್ತ ಹೋಗುವುದು ನಿಲ್ಲುತ್ತಿಲ್ಲ ಎಂದು ನನಗೆ ಹೇಳಿದವಳು ನನ್ನ ಹೆಂಡತಿ ಶೋಭಾ. ಅಕ್ಕ ಫೋನಿನಲ್ಲಿ ಅವಳ ಹತ್ತಿರ ಹೇಳಿದ್ದಳು. ನನ್ನ ಹತ್ತಿರ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅಂಥ ಮಾತು ಬಂದರೆ ಗಂಡಸರು ಎದ್ದು ಅಂಗಳಕ್ಕೆ ಹೋಗುವುದು ರೂಢಿ. ಅಪ್ಪ ಹೋಗುತ್ತಿದ್ದರು. ನಾನೂ ಹಾಗೆಯೇ ಕಲಿತೆ. ಚೆನ್ನೈಯ ನಮ್ಮ ಎರಡು ಕೋಣೆಯ ಮನೆಗೆ ಅಂಗಳ ಇಲ್ಲ. ಫೋನು ಬಂದಾಗ ನಾನು ಮೆಟ್ಟಿಲ ಮೇಲೆ ಹೋಗಿ ನಿಂತೆ.

"ಇಲ್ಲಿಗೇ ಕರ್ಕೊಂಡ್ ಬನ್ನಿ," ಎಂದಳು ಶೋಭಾ. "ನಮ್ಮ ಕಣ್ಣೆದುರು ಇರ್ಲಿ."

ನನಗೆ ಒಬ್ಬ ಡಾಕ್ಟರ್ ಗೊತ್ತಿತ್ತು. ನಮ್ಮ ಹೋಟೆಲಿನ ಹಿಂದಿನ ಬೀದಿಯಲ್ಲಿ ಅವರ ನರ್ಸಿಂಗ್ ಹೋಮ್. ಸಂಜೆ ಬಂದು ಫ್ಯಾನಿನ ಕೆಳಗಿನ ಟೇಬಲ್ಲಿನಲ್ಲಿ ಕೂರುತ್ತಿದ್ದರು. ರವಾ ದೋಸೆ, ಈರುಳ್ಳಿ ಇಲ್ಲದೆ, ಗರಿಗರಿಯಾಗಿ. ಅವರು ಬಾಗಿಲಲ್ಲಿ ಕಂಡರೆ ಸಾಕು, ನಾನು ಒಳಗೆ ಕೂಗಿ ಆಗಿರುತ್ತಿತ್ತು. ಅಕ್ಕನ ವಿಷಯ ಹೇಳಿದೆ. "ಅಕ್ಕಾವಾ? ಕೂಟ್ಟಿಟ್ಟು ವಾಪ್ಪಾ," ಕರೆದುಕೊಂಡು ಬಾ, ಎಂದರು, ಚಟ್ನಿ ಬಟ್ಟಲು ಮುಂದೆ ತಳ್ಳುತ್ತ. ನಾನು ಚಟ್ನಿ ಹಾಕಿದೆ. ಇಷ್ಟು ದೊಡ್ಡವರು ನನ್ನನ್ನು ಮನೆಯವನ ಹಾಗೆ ಮಾತಾಡಿಸಿದರಲ್ಲ ಎಂದು ಆ ದಿನ ಪೂರಾ ಖುಷಿಯಲ್ಲಿದ್ದೆ.

ಗರ್ಭಕೋಶದಲ್ಲಿ ಗಡ್ಡೆ. ಆಪರೇಷನ್ ಮಾಡಿ ತೆಗೆದರು. ಒಂದು ವಾರದಲ್ಲಿ ಮನೆಗೆ ಕಳಿಸಿದರು. ಹೋಟೆಲಿನ ಧಣಿಗಳು ಸ್ವೀಟ್ ಕಟ್ಟಿಸಿಕೊಟ್ಟರು, ನಾನೇ ಹೋಗಿ ಡಾಕ್ಟರರ ಕೈಗೆ ಕೊಟ್ಟು ಬಂದೆ.

ಆಮೇಲೆ ಅಕ್ಕನಿಗೆ ಸಂಜೆಯ ಹೊತ್ತು ಜ್ವರ ಬರತೊಡಗಿತು.

ಹೊಲಿಗೆ ತೋರಿಸಲು ಮತ್ತೆ ನರ್ಸಿಂಗ್ ಹೋಮಿಗೆ ಹೋಗುವ ದಿನ ಬಂತು. ಶೋಭಾ ಶೋಳಿಂಗನಲ್ಲೂರಿನ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಗಾಗುವ ಮೊದಲೇ ವ್ಯಾನು ಬರುತ್ತದೆ. "ನಾನು ರಜೆ ಹಾಕಿ ಹೋಗ್ತೇನೆ, ಹೆಂಗಸರ ವಿಷಯ," ಎಂದಳು. "ಬೇಡ, ಅವರು ನಮ್ಮ ಗಿರಾಕಿ, ನಾನು ನೋಡ್ಕೊಳ್ತೇನೆ," ಎಂದೆ. ಅಕ್ಕನಿಗೆ ಆಗ ತಮಿಳು ಒಂದು ಅಕ್ಷರ ಬರುತ್ತಿರಲಿಲ್ಲ. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ನಡುವೆ ನಾನು.

ಡಾಕ್ಟರ್ ಕೇಳಿದರು, "ಹೇಗಿದ್ದಾರೆ?" ನಾನು ಅಕ್ಕನ ಕಡೆ ತಿರುಗಿದೆ.

ಅಕ್ಕ ಹೇಳಿದಳು: "ಬೈಗಾದ್ರೆ ಚಳಿ ಬಂದ್ ಜ್ವರ ಬತ್ತ್ ಅಂತ ಹೇಳ್. ಬಲಬದಿ ಒಳ್ಗೆ ಎಂತದೋ ಗಂಟ್ ಕಟ್ಟಿದಾಂಗೆ ಇತ್ತ್. ಎದ್ದ್ ನಿಂತ್ರೆ ಎಳಿತ್ತ್. ಮತ್ತೆ…" ಅವಳು ಸೆರಗು ಸರಿಮಾಡಿಕೊಂಡಳು. "ಕೆಳಗಿಂದ ಹೋತ್ತ್. ಕೊಳ್ತ್ ವಾಸನಿ. ಅದನ್ನೂ ಹೇಳ್ ಮಂಜಾ. ನಾಚ್ಕಿ ಮಾಡ್ಬೇಡ."

ನಾನು ಡಾಕ್ಟರರ ಕಡೆ ತಿರುಗಿ ಹೇಳಿದೆ: "ಕೊಂಚಂ ವಲಿ ಇರುಕ್ಕು ಸಾರ್."

ಸ್ವಲ್ಪ ನೋವಿದೆ ಸಾರ್.

ಇದು ಹೇಗಾಯಿತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಸಪ್ಲಾಯರನ ಕಸುಬೆಂದರೆ ಮಾತು ಕತ್ತರಿಸುವುದು. ಟೇಬಲ್ಲಿನವರು ಒಂದು ಪುರಾಣವನ್ನೇ ಹೇಳುತ್ತಾರೆ. ಮಗುವಿಗೆ ಖಾರ ಆಗುವುದಿಲ್ಲ, ನನಗೆ ಎಣ್ಣೆ ಆಗದು, ಹೋದ ಸಲ ಮೆತ್ತಗಾಗಿತ್ತು, ಈ ಸಲ ಹಾಗೆ ಮಾಡಬೇಡಿ ಎಂದು. ನಾವು ತಲೆ ಆಡಿಸಿ ಒಳಗೆ ಕೂಗುವುದು ಎರಡು ಮಾತು: "ಒಂದ್ ರವಾ, ರೋಸ್ಟ್." ಪುರಾಣ ಪೂರಾ ಒಳಗೆ ಕೂಗಿದರೆ ದೋಸೆ ಭಟ್ಟರು ಸಟ್ಟುಗ ಎಸೆಯುತ್ತಾರೆ. ಕತ್ತರಿಸುವವನೇ ಒಳ್ಳೆಯ ಸಪ್ಲಾಯರ್. ನಾನು ಒಳ್ಳೆಯ ಸಪ್ಲಾಯರ್ ಎಂದು ಎಲ್ಲರೂ ಹೇಳುತ್ತಾರೆ.

ಅದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ನಾಚಿಕೆ ಇತ್ತು. ಅಕ್ಕನ ಮೈಯಿಂದ ಹೋಗುವುದರ ಮಾತನ್ನು, ಅದರ ವಾಸನೆಯ ಮಾತನ್ನು, ದಿನಾ ಸಂಜೆ ನಾನು ಯಾರಿಗೆ ದೋಸೆ ಬಡಿಸುತ್ತೇನೋ ಆ ಮನುಷ್ಯನ ಎದುರು ನನ್ನ ಬಾಯಲ್ಲಿ ಹೇಳಬೇಕಿತ್ತು. ನಾಲಿಗೆ ಎದ್ದು ಅಂಗಳಕ್ಕೆ ಹೋಯಿತು.

"ಜ್ವರ ಗಿರ?" ಎಂದು ಡಾಕ್ಟರ್ ತಾವಾಗಿಯೇ ಕೇಳಿದರು. ಅವರು ಕೇಳಿದ್ದು ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ. ಜ್ವರ ಇದೆ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಅದರ ಮುಂದಿನದು ನನಗೆ ಬೇಡವಾದದ್ದು. "ಹಾಗೇನೂ ಇಲ್ಲ ಸಾರ್," ಎಂದೆ. ಅವರು ಸೀರೆಯ ಮೇಲಿನಿಂದಲೇ ಹೊಟ್ಟೆ ಒತ್ತಿದರು. ಅಕ್ಕ ಹಲ್ಲು ಕಚ್ಚಿದಳು. ಹೊಲಿಗೆ ಒಣಗುವವರೆಗೆ ಇರುತ್ತದೆ ಎಂದು ಮಾತ್ರೆ ಬರೆದರು. ಸ್ಕ್ಯಾನ್ ಮಾಡಿಸಲಿಲ್ಲ.

ಹೊರಗೆ ಬಂದಾಗ ಅಕ್ಕ ಕೇಳಿದಳು, "ಎಲ್ಲ ಹೇಳ್ದ್ಯಾ?"

"ಹೇಳ್ದೆ."

"ಎಂತ ಅಂದ್ರ್?"

"ಆಪರೇಷನ್ ಆದ್ಮೇಲೆ ಹಾಂಗೇ ಇರತ್ತ್ ಅಂದ್ರ್."

ಅವಳು ನಂಬಿದಳು. ಡಾಕ್ಟರೇ ಹೇಳಿದ ಮೇಲೆ ಇನ್ನೇನು ಎಂದು ನೋವನ್ನು ಮೈಮೇಲೆ ಹಾಕಿಕೊಂಡು ಕೂತಳು. ನಾನು ಹೋಟೆಲಿನಿಂದ ಓಮದ ಕಷಾಯ ತಂದೆ. ಇಂಗು ಹಾಕಿದ ಮಜ್ಜಿಗೆ ತಂದೆ. ಅವಳು ಇನ್ನೊಮ್ಮೆ ಹೋಗೋಣ ಎಂದಾಗ, ಕರೆದುಕೊಂಡು ಹೋಗದೆ, ಟೇಬಲ್ಲಿನ ಹತ್ತಿರವೇ ಬಗ್ಗಿ ಕೇಳಿದೆ: "ಸಾರ್, ಅಕ್ಕನಿಗೆ ವಲಿ ಹಾಗೇ ಇದೆ." ಅವರು ಬಿಲ್ಲಿನ ಹಿಂದೆ ಇನ್ನೊಂದು ಮಾತ್ರೆ ಬರೆದುಕೊಟ್ಟರು. ನೋಡದೆ ಬರೆದವರು ಅವರು. ತೋರಿಸದೆ ಬರೆಸಿಕೊಂಡವನು ನಾನು. ಹೀಗೇ ತಿಂಗಳುಗಳು ಹೋದವು. ಅಕ್ಕನ ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು. ಬಳೆ ಮೊಳಕೈವರೆಗೆ ಜಾರುತ್ತಿತ್ತು.

ಒಂದು ಬೆಳಿಗ್ಗೆ ಬೀದಿಯ ಕೈಪಂಪಿನ ಹತ್ತಿರ ಕೊಡ ಹಿಡಿದುಕೊಂಡೇ ಬಿದ್ದಳು.

ಆಟೋದಲ್ಲಿ ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್ ಇದ್ದರು. ಹೊಟ್ಟೆ ಮುಟ್ಟಿ ನೋಡಿದ್ದೇ ಸ್ಕ್ಯಾನಿಗೆ ಕಳಿಸಿದರು. ಸ್ಕ್ಯಾನ್ ನೋಡಿ ಇನ್ನಿಬ್ಬರನ್ನು ಕರೆದರು. ಮೂವರೂ ನೋಡಿದರು. "ಮೊದಲಿನ ಆಪರೇಷನ್ ಎಲ್ಲಿ ಮಾಡಿಸಿದಿರಿ?" ಎಂದು ಕೇಳಿದರು. ಹೇಳಿದೆ. ತಲೆ ತಗ್ಗಿಸಿ ಬರೆದುಕೊಂಡರು.

ಹೊಟ್ಟೆಯ ಒಳಗೆ ಬಟ್ಟೆ ಇತ್ತು.

ಆಪರೇಷನ್ ಹೊತ್ತಿನಲ್ಲಿ ರಕ್ತ ಒರೆಸಲು ಇಡುವ ಬಟ್ಟೆ. ಅವರು ಅದಕ್ಕೆ ಮಾಪ್ ಎನ್ನುತ್ತಾರೆ. ಅದನ್ನು ತೆಗೆಯದೆ ಹೊಲಿಗೆ ಹಾಕಿದ್ದರು. ಅದು ಕೊಳೆತು, ಕರುಳಿಗೆ ಅಂಟಿಕೊಂಡು, ಕರುಳಿನ ಒಂದು ತುಂಡನ್ನೂ ಕತ್ತರಿಸಿ ತೆಗೆಯಬೇಕಾಯಿತು. ಬೇಗ ಬಂದಿದ್ದರೆ ಕರುಳು ಉಳಿಯುತ್ತಿತ್ತೋ ಏನೋ ಎಂದು ಲೇಡಿ ಡಾಕ್ಟರ್ ಹೇಳಿದರು. "ಜ್ವರ, ವಾಸನೆ ಇರಲಿಲ್ಲವಾ? ಯಾರಿಗೂ ಹೇಳಲಿಲ್ಲವಾ?"

ನಾನು ಆ ಮಾತನ್ನು ಯಾರಿಗೂ ದಾಟಿಸಲಿಲ್ಲ.

ಅಕ್ಕ ಬದುಕಿದಳು. ಆದರೆ ಗಾಯ ಕೂಡಲು ಬಹಳ ಕಾಲ ಹಿಡಿಯಿತು. ಶೋಭಾ ಕೆಲಸಕ್ಕೆ ಹೋಗುವ ಮೊದಲು ಮೈ ಒರೆಸುವಳು, ನಾನು ಗಂಜಿ ಕುಡಿಸುವೆ, ಮಗಳು ಶಾಲೆಯಿಂದ ಬಂದು ಪಕ್ಕದಲ್ಲಿ ಕೂತು ಓದುವಳು. ಭಾರ ಎತ್ತಬಾರದು, ಹೆಚ್ಚು ಹೊತ್ತು ಕೂರಬಾರದು. ಫ್ಯಾಕ್ಟರಿಯ ಕೆಲಸ ಅಲ್ಲಿಗೆ ಮುಗಿಯಿತು. ತನ್ನ ಕೈಯಲ್ಲಿ ದುಡಿದು ತಿಂದವಳು ತಮ್ಮನ ಮನೆಯ ಮೂಲೆಯ ಮಂಚಕ್ಕೆ ಬಂದಳು.

ಎದ್ದು ಕೂರುವ ಶಕ್ತಿ ಬಂದ ದಿನ ಅವಳು ಹೇಳಿದಳು, "ಕೇಸ್ ಹಾಕ್ಕ್."

ಹಣಕ್ಕೆಂದು ನಾನು ತಿಳಿದೆ. ಅವಳು ತಲೆ ಅಲ್ಲಾಡಿಸಿದಳು. "ನಾನ್ ಹೇಳಿದ್ದೆ. ಜ್ವರ ಅಂತ ಹೇಳಿದ್ದೆ. ವಾಸನಿ ಅಂತ ಹೇಳಿದ್ದೆ. ಕೇಂಡ್ಕಂಡೂ ಅವ ಸುಮ್ನಿದ್ದ. ಹೌದ್, ಈ ಹೆಂಗ್ಸ್ ಹೇಳಿತ್ತ್ ಅಂತ ಅವ ಒಪ್ಕಂಬ್ಕ್. ಅಷ್ಟೇ ನಂಗೆ ಬೇಕಾದ್ದ್."

ಅವಳಿಗೆ ಬೇಕಾದದ್ದು ಅದೊಂದೇ. ಅದನ್ನು ಕೊಡಲು ಆ ಡಾಕ್ಟರರಿಗೆ ಸಾಧ್ಯವಿರಲಿಲ್ಲ. ಯಾಕೆಂದು ಗೊತ್ತಿದ್ದವನು ಜಗತ್ತಿನಲ್ಲಿ ನಾನೊಬ್ಬ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಕೇಸು ಹಾಕಲು ಓಡಾಡಿದೆ.

ಆ ಓಡಾಟದ ಕಥೆ ನೆನೆದರೆ ಈಗಲೂ ತಲೆ ಸಿಡಿಯುತ್ತದೆ. ಮೊದಲು ನರ್ಸಿಂಗ್ ಹೋಮಿನಿಂದ ಕೇಸ್ ಶೀಟಿನ ನಕಲು ಬೇಕು ಎಂದರು. ಹೋದೆ. ಕಂಪ್ಯೂಟರ್ ಹುಡುಗಿ ರಜೆ. ಮತ್ತೆ ಹೋದೆ. ಕಂಪ್ಯೂಟರ್ ಹುಡುಗಿ ಇದ್ದಾಳೆ, ಪ್ರಿಂಟರ್ ಇಲ್ಲ. ಮತ್ತೆ ಹೋದೆ. ಎರಡೂ ಇದೆ, ಡಾಕ್ಟರರ ಒಪ್ಪಿಗೆ ಇಲ್ಲ. ಹಿಂದಿನ ಸಂಜೆಯಷ್ಟೇ ನಾನು ಅದೇ ಡಾಕ್ಟರರಿಗೆ ಎರಡನೇ ಸಲ ಚಟ್ನಿ ಹಾಕಿದ್ದೆ.

ಇನ್ನೊಬ್ಬ ಡಾಕ್ಟರ್ ಇದು ತಪ್ಪು ಎಂದು ಬರೆದುಕೊಟ್ಟರೆ ಕೇಸಿಗೆ ಬಲ ಎಂದು ವಕೀಲರು ಹೇಳಿದರು. ಹುಡುಕಿಕೊಂಡು ಹೋದೆ. ರಾಯಪುರಂನಲ್ಲಿ ಒಬ್ಬರು, ಹಿರಿಯರು, ಸ್ಕ್ಯಾನ್ ನೋಡಿ, "ಅಯ್ಯೋ, ಇಷ್ಟು ದೊಡ್ಡ ಬಟ್ಟೆಯಾ," ಎಂದು ಬಾಯಿಬಿಟ್ಟು ಮರುಗಿದರು. "ಇದನ್ನೇ ಬರೆದುಕೊಡಿ ಸಾರ್," ಎಂದೆ. ಕನ್ನಡಕ ತೆಗೆದಿಟ್ಟು ನನ್ನ ಊಟ ಆಯಿತೇ ಎಂದು ವಿಚಾರಿಸಿದರು. ಎಲ್ಲರೂ ಹಾಗೆಯೇ. ಬಾಯಲ್ಲಿ ಎಷ್ಟು ಬೇಕಾದರೂ ಬೈಯುತ್ತಾರೆ, ಪೆನ್ನು ಮಾತ್ರ ತೆಗೆಯುವುದಿಲ್ಲ. ಕೊನೆಗೆ, ದೊಡ್ಡಾಸ್ಪತ್ರೆಯ ಆಪರೇಷನ್ ಕಾಗದದಲ್ಲಿ ಬಟ್ಟೆ ತೆಗೆದದ್ದು ಬರೆದಿದೆಯಲ್ಲ, ಅದೇ ಸಾಕು ಎಂದು ವಕೀಲರು ಗ್ರಾಹಕರ ಕೋರ್ಟಿನಲ್ಲಿ ಕೇಸು ಹಾಕಿದರು.

ನಮ್ಮ ವಕೀಲರು ಹೆಂಗಸು. ಪಟಪಟ ಮಾತು. ಹೋಟೆಲಿಗೆ ಕಾಫಿಗೆ ಬರುತ್ತಿದ್ದ ಒಬ್ಬ ಬ್ಯಾಂಕಿನವರು ತೋರಿಸಿಕೊಟ್ಟದ್ದು. ಅವರು ದೂರಿನ ಅರ್ಜಿಯನ್ನು ತಮಿಳಿನಲ್ಲಿ ಓದಿ ಹೇಳಿದಾಗ ಅದರಲ್ಲಿ ಒಂದು ಸಾಲಿತ್ತು: ಜ್ವರ, ನೋವು, ದುರ್ವಾಸನೆಯ ಸ್ರಾವ ಇರುವುದನ್ನು ರೋಗಿ ತನ್ನ ತಮ್ಮನ ಮೂಲಕ ಡಾಕ್ಟರಿಗೆ ತಿಳಿಸಿದ್ದಾರೆ. "ಸರಿಯಲ್ಲವಾ?" ಎಂದು ತಲೆ ಎತ್ತಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. "ಸಮ," ಎಂದಳು ಅಕ್ಕ, ಸಹಿ ಹಾಕಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ನೋಟಿಸು ಹೋದ ಮೇಲೆ ಡಾಕ್ಟರ್ ಹೋಟೆಲಿಗೆ ಬರುವುದನ್ನು ನಿಲ್ಲಿಸಿದರು. ರವಾ ದೋಸೆ ನಿಲ್ಲಿಸಲಿಲ್ಲ. ಅವರ ಡ್ರೈವರ್ ಬಂದು ಪಾರ್ಸೆಲ್ ತೆಗೆದುಕೊಂಡು ಹೋಗುತ್ತಿದ್ದ. ಒಂದು ದಿನ ತಡೆಯಲಾರದೆ ಧಣಿಗಳ ಹತ್ತಿರ ಹೇಳಿದೆ, ನಾನು ಅವರ ಪಾರ್ಸೆಲ್ ಕಟ್ಟುವುದಿಲ್ಲ ಎಂದು.

ಧಣಿಗಳು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕನ್ನಡಕದ ಮೇಲೆ ನೋಡಿದರು. "ಮಂಜಾ, ಕೇಸ್ ನಿಂದ್. ಗಿರಾಕಿ ನಂದ್. ಎರಡನ್ನೂ ಒಂದೇ ಎಲಿಗ್ ಬಡಿಸ್ಬೇಡ."

"ಅಕ್ಕನ ಹೊಟ್ಟೆ ಕೊಯ್ದವ ಅವ, ಧಣಿ."

"ಹೌದ್ ಮಾರಾಯ. ಹಾಂಗಂತ ಅವನ ಹೊಟ್ಟಿಗ್ ಹಾಕುದ್ ಬಿಡೂಕಾತ್ತಾ? ಈರುಳ್ಳಿ ಬೀಳ್ದೆ ಇದ್ದಾಂಗೆ ಕಾಣ್."

ನೋಡಿದೆ. ಈರುಳ್ಳಿ ಬೀಳದ ಹಾಗೆ ಕಟ್ಟಿಕೊಟ್ಟೆ.

ಕೋರ್ಟು ಇನ್ನೊಂದು ಪಾಡು. ಅಕ್ಕನನ್ನು ಬಸ್ಸಿನಲ್ಲಿ ಕೂರಿಸಿಕೊಂಡು, ಹೊಟ್ಟೆಗೆ ಬೆಲ್ಟ್ ಕಟ್ಟಿಕೊಂಡ ಹೆಂಗಸನ್ನು ಯಾರೂ ದೂಡದ ಹಾಗೆ ಕೈ ಅಡ್ಡ ಹಿಡಿದುಕೊಂಡು ಹೋಗಿ ಕೂತರೆ, ಕೇಸು ಕೇಳುವ ಮೆಂಬರ್ ಈ ದಿನ ಇಲ್ಲ ಎನ್ನುವರು. ಇನ್ನೊಂದು ವಾಯಿದೆಗೆ ಹೋದರೆ ಎದುರು ಪಾರ್ಟಿಯ ವಕೀಲರು ಬದಲಾಗಿದ್ದಾರೆ, ಹೊಸಬರು ಓದಲು ಸಮಯ ಬೇಕು. ಮತ್ತೊಂದು ಸಲ ವಕೀಲರ ಮುಷ್ಕರ, ನಮ್ಮವರೇ ಗೇಟಿನಲ್ಲಿ ನಿಂತು ಕೈ ಬೀಸಿದರು, ವಾಪಸ್ ಹೋಗಿ ಎಂದು. ಪ್ರತಿ ಸಲವೂ ನಾನು ಹೋಟೆಲಿನಲ್ಲಿ ರಜೆ ಕೇಳಬೇಕು. ಪ್ರತಿ ಸಲವೂ ಅಕ್ಕ ಒಗೆದ ಸೀರೆ ಉಟ್ಟು, ಈ ದಿನ ಅವನು ಒಪ್ಪಿಕೊಳ್ಳುತ್ತಾನೆ ಎಂಬ ಮುಖ ಮಾಡಿ ಹೊರಡುವಳು. ಆ ಮುಖ ನೋಡುವುದು ವಾಯಿದೆಗಿಂತ ಕಷ್ಟವಾಗಿತ್ತು.

ಒಂದು ಸಲ ಕಾರಿಡಾರಿನಲ್ಲಿ ಡಾಕ್ಟರೇ ಎದುರು ಸಿಕ್ಕರು. ಏನೂ ಆಗದವರ ಹಾಗೆ, "ಏನಪ್ಪಾ ಮಂಜು, ನಿಮ್ಮ ಸಾಂಬಾರಿಗೆ ಈಚೆಗೆ ಉಪ್ಪು ಜಾಸ್ತಿ," ಎಂದರು. ನನ್ನ ಬಾಯಿಂದ ತಾನಾಗಿಯೇ "ಹೇಳ್ತೇನೆ ಸಾರ್" ಎಂದು ಬಂತು. ಬೆನ್ನ ಹಿಂದೆ ಅಕ್ಕ ನಿಂತಿದ್ದಳು.

ಕೊನೆಗೂ ಡಾಕ್ಟರರ ಉತ್ತರ ಬಂತು. ವಕೀಲರು ಓದಿ ಹೇಳಿದರು. ಬಟ್ಟೆ ತಮ್ಮದಲ್ಲ ಎಂದು ಮೊದಲು. ಆಮೇಲೆ, ಹೊಲಿಗೆ ತೋರಿಸಲು ಬಂದ ದಿನ ರೋಗಿಯ ತಮ್ಮ, ತಮಿಳು ಚೆನ್ನಾಗಿ ಬಲ್ಲವರು, ಸ್ವಲ್ಪ ನೋವು ಮಾತ್ರ ಎಂದರು. ಜ್ವರ ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದರು. ತಿಳಿಸಿದ್ದರೆ ಆಗಲೇ ಪರೀಕ್ಷೆ ಮಾಡುತ್ತಿದ್ದೆವು ಎಂದು.

ಅಕ್ಕನಿಗೆ ಅದನ್ನು ಕನ್ನಡದಲ್ಲಿ ಹೇಳಬೇಕಾದವನು ನಾನೇ.

"ಬಟ್ಟೆ ತಮ್ಮದಲ್ಲ ಅಂತಾರೆ," ಎಂದೆ. "ನೀನು ಏನೂ ಹೇಳ್ಲೇ ಇಲ್ಲ ಅಂತಾರೆ."

ತಮ್ಮ ಎಂಬ ಮಾತನ್ನು ಬಿಟ್ಟೆ. ಎರಡನೇ ಸಲ ಕತ್ತರಿಸಿದೆ.

ಅಕ್ಕ ಬಸ್ಸಿನಲ್ಲಿ ಪೂರಾ ದಾರಿ ಡಾಕ್ಟರರನ್ನು ಬೈದಳು. "ಎಷ್ಟ್ ಸುಳ್ಳ್ ಹೇಳತ್ತ್ ಕಾಣ್ ಆ ಬಾಯಿ." ಕಿಟಕಿ ಪಕ್ಕ ಕೂತಿದ್ದ ನಾನು ಹೂಂ ಎಂದೆ.

ನಡುವೆ ನರ್ಸಿಂಗ್ ಹೋಮಿನವರು ಧಣಿಗಳ ಮೂಲಕ ರಾಜಿಯ ಮಾತು ಕಳಿಸಿದರು. ಒಂದು ಮೊತ್ತ ಕೊಡುತ್ತಾರೆ, ಕೇಸು ಹಿಂದೆ ತೆಗೆಯಿರಿ ಎಂದು. ಶೋಭಾ ಕೂಡ ತೆಗೆದುಕೊಳ್ಳೋಣ ಎಂದಳು, ದಣಿದಿದ್ದಳು. ಅಕ್ಕ ಕೇಳಿದ್ದು ಒಂದೇ: "ನಾನ್ ಹೇಳಿದ್ದೆ ಅಂತ ಒಪ್ತಾನ್ಯಾ?" ಅದು ರಾಜಿಯಲ್ಲಿ ಇರಲಿಲ್ಲ. ಅವಳು ಬೇಡ ಎಂದಳು. ಧಣಿಗಳು ನನ್ನನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕರೆದು, "ನಿನ್ನ ಅಕ್ಕಂಗೆ ಒಂಚೂರ್ ಬುದ್ಧಿ ಹೇಳ್," ಎಂದರು. ಬುದ್ಧಿ ಬೇಕಾಗಿದ್ದದ್ದು ಯಾರಿಗೆ ಎಂದು ನನಗೆ ಗೊತ್ತಿತ್ತು.

ಗ್ರಾಹಕರ ಕೋರ್ಟಿನಲ್ಲಿ ಸಾಕ್ಷಿಯನ್ನು ನಿಲ್ಲಿಸಿ ಕೇಳುವುದು ಕಡಿಮೆಯಂತೆ. ಪ್ರಶ್ನೆ ಬರೆದು ಕಳಿಸುತ್ತಾರೆ, ಪ್ರಮಾಣ ಮಾಡಿ ಬರೆದು ಉತ್ತರ ಕೊಡಬೇಕು. ನನ್ನ ಹೆಸರಿಗೆ ಪ್ರಶ್ನೆಗಳು ಬಂದವು. ವಕೀಲರು ನನ್ನನ್ನು ಒಬ್ಬನನ್ನೇ ಕೂರಿಸಿಕೊಂಡು ಓದಿದರು. ಜ್ವರ ಇರುವುದನ್ನು, ಸ್ರಾವ ಇರುವುದನ್ನು ನೀವು ಡಾಕ್ಟರಿಗೆ ಹೇಳಿದಿರಾ, ಇಲ್ಲವಾ?

"ಹೌದು ಅಂತ ಬರೆಯಲಾ?" ಎಂದರು, ಪೆನ್ನು ಹಿಡಿದು.

ಹೌದು ಎಂದರೆ ಕೇಸು ಗಟ್ಟಿ. ಅಕ್ಕ ಗೆಲ್ಲುತ್ತಾಳೆ. ನಾನು ಒಂದು ಶಬ್ದ ಹೇಳಿದರೆ ಸಾಕು. ಜೀವಮಾನ ಪೂರಾ ಒಂದೇ ಶಬ್ದದಲ್ಲಿ ಕೆಲಸ ಮುಗಿಸಿದವನು ನಾನು. ಆದರೆ ಆ ಶಬ್ದ ಹೊರಡಲಿಲ್ಲ. ಪ್ರಮಾಣದ ಭಯವೋ, ಅಕ್ಕನ ಒಗೆದ ಸೀರೆಯ ನೆನಪೋ ತಿಳಿಯದು.

"ಹೇಳಲಿಲ್ಲ ಮೇಡಂ," ಎಂದೆ. ಆ ದಿನ ಅಲ್ಲಿ ನಡೆದದ್ದನ್ನೆಲ್ಲ ಹೇಳಿದೆ.

ಅವರು ಪೆನ್ನು ಮುಚ್ಚಿದರು. ಬೈಯುತ್ತಾರೆ ಎಂದುಕೊಂಡೆ. "ಬಟ್ಟೆ ಒಳಗೆ ಬಿಟ್ಟದ್ದು ನೀವಲ್ಲ," ಎಂದರು. "ಆ ತಪ್ಪು ಅವರದೇ, ನೀವು ಏನು ಹೇಳಿದರೂ ಹೇಳದಿದ್ದರೂ. ಹೊಟ್ಟೆ ಒತ್ತಿದಾಗ ಆ ಅಮ್ಮ ಹಲ್ಲು ಕಚ್ಚಿದ್ದು ಅವರಿಗೂ ಕಂಡಿರಬೇಕು. ಆದರೆ ಅಷ್ಟು ತಿಂಗಳು ತಡವಾದದ್ದಕ್ಕೆ ಅವರು ಇನ್ನು ನಿಮ್ಮ ಕಡೆ ಕೈ ತೋರಿಸುತ್ತಾರೆ. ಕೇಸು ಹೋಗುವುದಿಲ್ಲ. ಚಿಕ್ಕದಾಗುತ್ತದೆ." ಆಮೇಲೆ ಕೇಳಿದರು, "ನಿಮ್ಮ ಅಕ್ಕನಿಗೆ ಗೊತ್ತಾ?"

ನಾನು ತಲೆ ಅಲ್ಲಾಡಿಸಿದೆ.

"ದೂರು ಕೊಟ್ಟವರು ಅವರು. ಅವರಿಗೆ ಮೊದಲು ಹೇಳಿ. ಆಮೇಲೆ ಬರೆಯೋಣ. ನಾನು ಹೇಳುವುದಿಲ್ಲ, ನೀವೇ ಹೇಳಬೇಕು."

ಹೇಳಲು ಹೋದೆ. ಅಕ್ಕ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಹತ್ತಿರ ಹೋಗಿ, ಕಾಫಿ ಬೇಕಾ ಎಂದು ಕೇಳಿ ಬಂದೆ. ಇನ್ನೊಂದು ದಿನ, ಸೀರಿಯಲ್ ಮುಗಿಯಲಿ ಎಂದು ಕಾದೆ. ಸೀರಿಯಲ್ ಮುಗಿಯಿತು, ಅವಳು ನನ್ನ ಮಗಳ ಹತ್ತಿರ ಆ ಕಥೆಯ ಬಗ್ಗೆಯೇ ಮಾತಾಡತೊಡಗಿದಳು. ನನ್ನ ಮಗಳು ಕನ್ನಡ ಕೇಳಿ ತಮಿಳಿನಲ್ಲಿ ಉತ್ತರ ಕೊಡುವವಳು. ಅಕ್ಕ ಮಂಚದಲ್ಲಿದ್ದ ಕಾಲವೆಲ್ಲ ಅವಳೊಂದಿಗೆ ಹಾಗೆಯೇ ಮಾತಾಡಿ, ನಮ್ಮ ಯಾರ ಲಕ್ಷ್ಯಕ್ಕೂ ಬಾರದ ಹಾಗೆ ತಮಿಳು ಕಲಿತುಬಿಟ್ಟಿದ್ದಳು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ತೋರಿಸುವ ದಿನ ಬಂತು. ಅದೇ ಲೇಡಿ ಡಾಕ್ಟರ್. ಹೇಗಿದ್ದೀರಿ ಎಂದರು. ಅಕ್ಕ ರೂಢಿಯ ಹಾಗೆ ನನ್ನ ಕಡೆ ತಿರುಗಿದಳು. "ಎಡಬದಿ ಹೊರಳಿ ಮಲ್ಗೂಕ್ ಆತಿಲ್ಲೆ. ಹೊಟ್ಟಿ ಕಟ್ಟತ್ತ್, ಕೆಲವು ಸಲ ನೆತ್ತರ್ ಹೋತ್ತ್. ಹೊಲಿಗಿ ಹತ್ರ ತುರಿಸತ್ತ್."

ಹಿಂದೆ ಸಾಲಿನಲ್ಲಿ ಜನ ಒತ್ತುತ್ತಿದ್ದರು. ನಾನು ಹೇಳಿದೆ, "ಪರವಾಯಿಲ್ಲೆ ಡಾಕ್ಟರ್. ಹೊಲಿಗೆ ಹತ್ತಿರ ಸ್ವಲ್ಪ ತುರಿಕೆ."

"ಇಲ್ಲೆ ಡಾಕ್ಟರ್," ಎಂದಳು ಅಕ್ಕ ತಮಿಳಿನಲ್ಲಿ. "ಇವನ್ ಪಾದಿ ಸೊಲ್ಲುರಾನ್."

ಇವನು ಅರ್ಧ ಹೇಳುತ್ತಾನೆ.

ಲೇಡಿ ಡಾಕ್ಟರ್ ನಕ್ಕರು. "ಹಾಗಾದರೆ ನೀವೇ ಹೇಳಿಯಮ್ಮಾ," ಎಂದರು. ಅಕ್ಕನೂ ನಗುತ್ತ, ತಡವರಿಸುತ್ತ, ಕೈ ತೋರಿಸುತ್ತ, ಎಲ್ಲವನ್ನೂ ಹೇಳಿದಳು. ನೆತ್ತರಿನದ್ದನ್ನೂ. ನಾಚಲಿಲ್ಲ. ಹೇಳುತ್ತ ಹೇಳುತ್ತ ಅವಳ ನಗು ನಿಂತಿತು. ನಾನು ಅದನ್ನು ನೋಡಿದೆ.

ಮಾತ್ರೆಯ ಸಾಲಿನಲ್ಲಿ ನಿಂತಾಗ ಕೇಳಿದಳು, "ಆ ದಿನ ನರ್ಸಿಂಗ್ ಹೋಮಲ್ಲೂ ಹಿಂಗೇ ಹೇಳ್ದ್ಯಾ?"

ನಾನು ಕೈಯಲ್ಲಿದ್ದ ಚೀಟಿ ನೋಡಿದೆ.

"ಮಂಜಾ. ಹಿಂಗೇ ಹೇಳ್ದ್ಯಾ?"

ಹೌದೆಂದು ತಲೆ ಆಡಿಸಿದೆ. ಅಲ್ಲಿಯೂ ಬಾಯಿ ಬಿಡಲಿಲ್ಲ.

"ಹೇಳೂಕ್ ನಾಚ್ಕಿ ಆಯ್ತಾ ನಿಂಗೆ?" ಎಂದಳು. ಆಮೇಲೆ, ಬಹಳ ಮೆಲ್ಲಗೆ, "ನನ್ನ ಕರುಳ್ ಕೊಯ್ವಾಗ ಅಷ್ಟ್ ಜನ ಗಂಡಸ್ರ್ ಇದ್ರ್."

ಅದಾದ ಮೇಲೆ ಮನೆಯಲ್ಲಿ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಊಟ ಬಡಿಸುವಳು, ನೀರು ಇಡುವಳು, ಎದ್ದು ಹೋಗುವಳು. ಶೋಭಾಳಿಗೆ ಅಕ್ಕನೇ ಹೇಳಿದಳು. ಶೋಭಾ ನನ್ನನ್ನು ಬೈಯಲಿಲ್ಲ. "ನಾನು ರಜೆ ಹಾಕ್ತೇನೆ ಅಂದಿದ್ದೆ," ಎಂದಳು, ಅಷ್ಟೇ.

ಉತ್ತರ ಬರೆಯುವ ದಿನ ಅಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ವಕೀಲರ ಎದುರು ಕೂತು, ತಾನೇ ತಮಿಳಿನಲ್ಲಿ ಕೇಳಿದಳು, ಇವನು ಇದನ್ನು ಬರೆದರೆ ಕೇಸು ಹೋಗುತ್ತದಾ ಎಂದು. "ಹೋಗಲ್ಲಮ್ಮಾ. ಚಿಕ್ಕದಾಗುತ್ತದೆ," ಎಂದರು ವಕೀಲರು.

"ಚಿಕ್ಕದಾಗ್ಲಿ," ಎಂದಳು ಅಕ್ಕ ಕನ್ನಡದಲ್ಲಿ. ನನ್ನ ಕಡೆ ನೋಡದೆ, "ಇದ್ದದ್ದ್ ಬರಿ."

ಬರೆದೆವು. ಅಕ್ಕ ಎಲ್ಲವನ್ನೂ ಹೇಳಿದ್ದಳು, ನಾನು ದಾಟಿಸಲಿಲ್ಲ. ಸಹಿ ಹಾಕಿದೆ.

ಕೇಸು ಇನ್ನೂ ಮುಗಿದಿಲ್ಲ. ವಾದ ಕೇಳುವುದು ಬಾಕಿ ಇದೆಯಂತೆ. ಎಷ್ಟು ಸಿಗುತ್ತದೋ, ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಅಕ್ಕ ಈಗ ಅನ್ನ ಉಣ್ಣುತ್ತಾಳೆ. ಬಳೆ ಮಣಿಕಟ್ಟಿನಲ್ಲೇ ನಿಲ್ಲುತ್ತದೆ. ಸಂಜೆ ಬೀದಿ ತುದಿಯವರೆಗೆ ನಡೆದು ಬರುತ್ತಾಳೆ, ಪಂಪಿನ ಹತ್ತಿರದ ಹೆಂಗಸರೊಂದಿಗೆ ಅವಳದೇ ತಮಿಳಿನಲ್ಲಿ ಜಗಳವಾಡುತ್ತಾಳೆ. ಡಾಕ್ಟರಿಗೆ ತೋರಿಸಲು ಈಗ ನಾನು ಬೇಡ. ನಾನು ಹೊರಗೆ ಬೆಂಚಿನಲ್ಲಿ ಕೂತಿರುತ್ತೇನೆ. ದೊಡ್ಡಾಸ್ಪತ್ರೆಯವರ ಋಣ ತೀರಿಸಲು ನನ್ನಿಂದಾಗದು. ಪಾರ್ಸೆಲ್ಲಿನ ದೋಸೆ ಈಗಲೂ ಹೋಗುತ್ತಿದೆ. ಕಟ್ಟುವವನು ನಾನೇ.

ನನ್ನ ಉತ್ತರ ಕೋರ್ಟಿಗೆ ಸಲ್ಲಿಸಿದ ದಿನ ಡಾಕ್ಟರೂ ಬಂದಿದ್ದರು. ಅವರ ವಕೀಲರು ಓದಿ ಹೇಳಿರಬೇಕು. ಕಾರಿಡಾರಿನಲ್ಲಿ ನಮ್ಮ ಹತ್ತಿರ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, "ಸತ್ಯ ಹೇಳಿದೆಯಲ್ಲಪ್ಪಾ, ಒಳ್ಳೇದಾಯ್ತು," ಎಂದರು. ನಿಜವಾಗಿಯೂ ಸಂತೋಷಪಟ್ಟ ಮುಖ.

ಅಕ್ಕ ನಮ್ಮಿಬ್ಬರ ನಡುವೆ ಬಂದು ನಿಂತಳು. ಅವರ ಮುಖ ನೋಡಿ ತಮಿಳಿನಲ್ಲಿ ಹೇಳಿದಳು. ಒಂದೊಂದೇ ಶಬ್ದ ಹುಡುಕಿ ಹುಡುಕಿ ಹೇಳಿದಳು. "ನಾನು ಹೇಳಿದೆ. ಇವನು ಹೇಳಲಿಲ್ಲ. ಬಟ್ಟೆ ಬಿಟ್ಟವರು ನೀವು."

ಡಾಕ್ಟರ್ ಕೈ ತೆಗೆದರು. ಜೇಬಿನಿಂದ ಫೋನು ತೆಗೆದು ನೋಡುತ್ತ ಮೆಟ್ಟಿಲಿಳಿದು ಹೋದರು. ಅವರಿಂದ ಅವಳಿಗೆ ಬೇಕಾದದ್ದು ಆ ದಿನವೂ ಬರಲಿಲ್ಲ. ಇನ್ನು ಬರುವುದೂ ಇಲ್ಲ. ಅಕ್ಕ ಬೆಂಚಿನ ಮೇಲೆ ಕೂತು ಹೊಟ್ಟೆಯ ಬೆಲ್ಟ್ ಸಡಿಲ ಮಾಡಿಕೊಂಡಳು. ದಣಿದಿದ್ದಳು. ಅವಳು ಇಷ್ಟು ವರ್ಷ ಬಸ್ಸು ಹತ್ತಿ ಇಳಿದು ಕಾದದ್ದು ಒಂದು ಮಾತಿಗೆ. ಆ ಮಾತು ಹೇಳಬೇಕಾದವನು ಅವಳ ಪಕ್ಕದ ಸೀಟಿನಲ್ಲೇ ಕೂತಿದ್ದ.

ನಾನು ಅವಳ ಎದುರು ನಿಂತೆ. ಮೆಲ್ಲಗೆ ಹೇಳಬೇಕೆಂದಿದ್ದೆ. ಬಾಯಿ ಬಿಟ್ಟಾಗ ಬಂದದ್ದು ಹೋಟೆಲಿನ ಸ್ವರ, ಗದ್ದಲದ ಮೇಲೆ ಒಳಗಿನವರಿಗೆ ಕೇಳಲೆಂದು ಕೂಗುವ ಸ್ವರ. ಕಾರಿಡಾರಿನ ಜನ ತಿರುಗಿ ನೋಡಿದರು. ನೋಡಲಿ ಎಂದು ಬಿಟ್ಟೆ.

"ಅಕ್ಕಾ, ನೀನ್ ಹೇಳಿದ್ದೆ. ಜ್ವರ ಬತ್ತ್ ಅಂತ ಹೇಳಿದ್ದೆ. ಒಳ್ಗೆ ಗಂಟ್ ಕಟ್ಟಿದಾಂಗೆ ಇತ್ತ್ ಅಂತ ಹೇಳಿದ್ದೆ. ಕೆಳಗಿಂದ ಹೋತ್ತ್, ಕೊಳ್ತ್ ವಾಸನಿ ಅಂತ ಹೇಳಿದ್ದೆ. ನಾಚ್ಕಿ ಮಾಡ್ಬೇಡ ಅಂತ್ಲೂ ಹೇಳಿದ್ದೆ. ನಾನೇ ಹೇಳ್ಲಿಲ್ಲೆ. ತಪ್ಪಾಯ್ತ್ ಅಕ್ಕಾ."